ಸಾಕೆಟ್ಟಿನ ಋಣ

ಮೊನ್ನೆ ಭಾನುವಾರ ಗೊಟ್ಟಿಗೆರೆಯ ನಮ್ಮನೇಲಿ ನನ್ನ ಗೇಮಿಂಗ್ ಕಂಪ್ಯೂಟರಿನ ಬಗ್ಗೆ ದೊಡ್ಡ ಪಂಚಾಯ್ತಿ. 2018ರಲ್ಲಿ, ಇಂಜಿನಿಯರಿಂಗ್ ಓದುವಾಗ, ಅಪ್ಪನ ಜೊತೆ ಎಸ್.ಪಿ. ರೋಡಿಗೆ ಹೋಗಿ ಒಂದೊಂದೇ ಭಾಗ ತಂದು ಜೋಡಿಸಿದ್ದು ಅದು. "ಹತ್ತು ವರ್ಷ ಬಾಳಿಕೆ ಬರಬೇಕು ನೋಡು" ಅಂದಿದ್ರು ಅಪ್ಪ.

ಒಳಗಿರೋದು ಎಎಂಡಿಯ ರೈಜೆನ್ 5 1600. 2017ರ ಪ್ರೊಸೆಸರ್, ಆರು ಕೋರ್. ಹೊಸ ಆಟ ಹಾಕಿದ್ರೆ ಏದುಸಿರು ಬಿಡುತ್ತೆ. ವಿಂಡೋಸ್ 11ರ ಅಧಿಕೃತ ಪಟ್ಟೀಲಿ ಇದರ ಹೆಸರಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಪ್ರೊಸೆಸರ್ ಮಾತ್ರ ಬದಲಿಸೋದೋ, ಇಡೀ ಪೆಟ್ಟಿಗೇನೇ ಬದಲಿಸೋದೋ?

ಹಳೇ ಕಥೆಗಳನ್ನ ಕೆದಕಿದಾಗ ಗೊತ್ತಾಗಿದ್ದು, ಇದನ್ನ ತೀರ್ಮಾನ ಮಾಡೋದು ನಾವಲ್ಲ, ಸಾಕೆಟ್ಟು! ಅಂದ್ರೆ ಮದರ್‌ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ. 1992ರಲ್ಲಿ ಇಂಟೆಲ್ ತಾನೇ 'ಓವರ್‌ಡ್ರೈವ್' ಅಂತ, ಹಳೇ 486 ಮಷೀನಿಗೆ ಹಾಕೋ ವೇಗದ ಚಿಪ್ ಮಾರಿತ್ತು. ಆಮೇಲೆ ಬಂದ ಸಾಕೆಟ್ 7ರಲ್ಲಂತೂ ಇಂಟೆಲ್, ಎಎಂಡಿ, ಸೈರಿಕ್ಸ್ ಮೂವರ ಚಿಪ್ಪೂ ಕೂರ್ತಿತ್ತು. 1997ರಲ್ಲಿ ಪೆಂಟಿಯಂ 2ಕ್ಕೆ ಇಂಟೆಲ್ ತನ್ನದೇ 'ಸ್ಲಾಟ್ 1' ತಂದಿತು ನೋಡಿ, ಆ ಒಟ್ಟು ಕುಟುಂಬ ಪಾಲಾಯ್ತು.

2017ರ ಅಕ್ಟೋಬರ್‌ನಲ್ಲಿ ಇನ್ನೊಂದು ತಮಾಷೆ. ಇಂಟೆಲ್‌ನ ಎಂಟನೇ ತಲೆಮಾರಿನ ಚಿಪ್ಪಿಗೂ ಅದೇ 1151 ಕಾಂಟ್ಯಾಕ್ಟು, ಆದ್ರೆ ಹಿಂದಿನ ಬೋರ್ಡಲ್ಲಿ ನಡೆಯಲ್ಲ! ಎಎಂಡಿ ತನ್ನ ಎಎಂ4 ಸಾಕೆಟ್ 2020ರವರೆಗೂ ಇರುತ್ತೆ ಅಂತ ಮಾತು ಕೊಟ್ಟಿತ್ತು. ಅದೇ 2020ರ ಮೇ ತಿಂಗಳಲ್ಲಿ, ಬಯೋಸ್ ಚಿಪ್ಪಲ್ಲಿ ಜಾಗ ಸಾಲಲ್ಲ, ಮುಂದಿನ ರೈಜೆನ್ ಹಳೇ ಬೋರ್ಡಿಗಿಲ್ಲ ಅಂದುಬಿಡ್ತು. ಜನ ಗಲಾಟೆ ಮಾಡಿದ್ರು. ಎರಡೇ ವಾರದಲ್ಲಿ ಬಿ450, ಎಕ್ಸ್470 ಬೋರ್ಡುಗಳಿಗೆ ಒಪ್ಪಿಕೊಂಡಿತು. ನನ್ನ ಬಿ350ಯಂಥ ಮೊದಲ ಬ್ಯಾಚಿನ ಬೋರ್ಡುಗಳಿಗೆ ಆ ಭಾಗ್ಯ ಬಂದಿದ್ದು 2022ರಲ್ಲಿ. ಗಲಾಟೆ ಮಾಡಿದ ಆ ಪುಣ್ಯಾತ್ಮರಿಗೆ ಒಂದು ನಮಸ್ಕಾರ.

ಅಂದ ಹಾಗೆ, ಈ ಕಥೇಲಿ ನಮ್ಮ ಬೆಂಗಳೂರಿಗೂ ಪಾಲಿದೆ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಇಂಟೆಲ್ ಜಿಯಾನ್ 7400, ಅಡ್ಡಹೆಸರು ಡನ್ನಿಂಗ್ಟನ್, ವಿನ್ಯಾಸ ಆಗಿದ್ದು ಇಲ್ಲಿ. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ನಂಗೆ ಖುಷಿ ಕೊಟ್ಟಿದ್ದು ಆ ಸಂಖ್ಯೆಗಳಲ್ಲ. ಹಿಂದಿನ ವರ್ಷದ ನಾಲ್ಕು ಕೋರಿನ 7300 ಇದ್ದ ಸಾಕೆಟ್ಟಲ್ಲೇ ಇದು ಕೂರ್ತಿತ್ತು. ಸರ್ವರ್ ಎಸೆಯೋ ಹಾಗಿರಲಿಲ್ಲ.

ಈಗ ನನ್ನ ಲೆಕ್ಕ. ಎಎಂ5ಗೆ ಹೋದ್ರೆ ಹೊಸ ಬೋರ್ಡು, ಡಿಡಿಆರ್5 ರ‍್ಯಾಮು ಎಲ್ಲಾ ಬೇಕು, ರ‍್ಯಾಮಿನ ಬೆಲೆ 2025ರ ಕೊನೇಲೇ ಗಗನಕ್ಕೇರಿತ್ತು. ರೈಜೆನ್ 5 5600 ತಂದ್ರೆ ಹಳೇ ಬೋರ್ಡು, ಹಳೇ ರ‍್ಯಾಮು ಹಾಗೇ ಉಳಿಯುತ್ತೆ. ವಿಂಡೋಸ್ 11 ಕೂಡ ಒಪ್ಪುತ್ತೆ. ಹಳೇ ಚಿಪ್ ತೆಗೆಯೋ ಮುಂಚೆ ಬಯೋಸ್ ಅಪ್‌ಡೇಟ್ ಮಾಡ್ಬೇಕು ಅಷ್ಟೇ. ನಡುವೆ ಕರೆಂಟ್ ಹೋದ್ರೆ ಬೋರ್ಡಿನ ಕಥೆ ಗೋವಿಂದ. ನಮ್ಮ ಏರಿಯಾದ ಕರೆಂಟು ನಂಬೋ ಹಾಗಿಲ್ಲ, ಪಕ್ಕದ ಮನೆಯವರ ಯುಪಿಎಸ್ ಕೇಳಿಟ್ಟಿದ್ದೀನಿ.

ಅಪ್ಪನ ಹತ್ತು ವರ್ಷ ಮುಗಿಯೋದು 2028ಕ್ಕೆ :-)