ಪೆಡಲ್ ದೋಣಿ ಮತ್ತು ಕೆರೆಯ ಜೊಂಡು

ಕಳೆದ ದೀಪಾವಳಿಗೆ ಹುಮನಾಬಾದ್‌ಗೆ ಹೋದವನು ಒಂದು ಸಾಹಸ ಮಾಡಿ ಬಂದೆ. ಸಾಹಸ ಅನ್ನೋದಕ್ಕಿಂತ ಫಜೀತಿ ಅಂದ್ರೇನೇ ಸರಿ :-)

ನಾಲ್ಕೈದು ರಜೆಗಳಲ್ಲಿ ನಾನೂ ನಮ್ಮ ಕಾಕಾನೂ ಸೇರಿ ಅವರ ವೆಲ್ಡಿಂಗ್ ಅಂಗಡಿಯ ಹಿಂದೆ ಒಂದು ದೋಣಿ ಮಾಡಿದ್ವಿ. ಪ್ಲೈವುಡ್ಡಿನ ಕಿರಿದಾದ ದೋಣಿ, ನಡುವೆ ಹಳೇ ಸೈಕಲ್ಲಿನ ಪೆಡಲ್ಲು. ಚೈನನ್ನು ಕಾಲು ಸುತ್ತು ತಿರುಚಿ ಕೆಳಗಿನ ಶಾಫ್ಟಿಗೆ ಹಾಕಿದ್ವಿ, ಶಾಫ್ಟಿನ ತುದಿಗೆ ಎರಡು ರೆಕ್ಕೆಯ ಪಂಖ. ಲೆಕ್ಕ ಸರಳ. ಹುಟ್ಟು ಹಾಕೋದು ಕೈಕೆಲಸ, ಆದ್ರೆ ಮನುಷ್ಯನ ದೊಡ್ಡ ಸ್ನಾಯು ಇರೋದು ಕಾಲಲ್ಲಿ. ನಮ್ಮಂಥ ಸಾಧಾರಣ ಆಸಾಮಿ ಗಂಟೆಗಟ್ಟಲೆ ತುಳಿದ್ರೆ ಸುಮಾರು 100 ವ್ಯಾಟ್ ಕೊಡಬಹುದು. ಕಿರಿದಾದ ದೋಣಿ ತಳ್ಳೋಕೆ ಅಷ್ಟು ಸಾಕು.

ಬಸವಕಲ್ಯಾಣದ ದಾರಿಯ ಒಂದು ಕೆರೆಗೆ ಇಳಿಸಿದ್ವಿ. ಮೊದಲ ಐದು ನಿಮಿಷ... ಆಹಾ! ಆಮೇಲೆ ಪೆಡಲ್ ಬಿಗಿಯಾಯ್ತು. ಮತ್ತೆ ತುಳಿದೆ, ಚೈನ್ ಕಳಚಿತು. ಪಂಖಕ್ಕೆ ಜೊಂಡು ಹಗ್ಗದ ಥರ ಸುತ್ತಿಕೊಂಡಿತ್ತು. ಬಗ್ಗಿ ಬಿಡಿಸೋಕೆ ಹೋದ್ರೆ ದೋಣಿ ಒಂದು ಕಡೆ ವಾಲ್ತಿದೆ, ನನಗೆ ಈಜು ಬರೋದು ಅಷ್ಟಕ್ಕಷ್ಟೇ. ದಡದಲ್ಲಿ ಕಾಕಾ ಬೊಬ್ಬೆ ಹೊಡೀತಿದ್ದಾರೆ. ಕೊನೆಗೆ ಬಂದದ್ದು ಒಬ್ಬ ಮೀನು ಹಿಡಿಯೋ ಅಜ್ಜ. ಥರ್ಮಾಕೋಲ್ ದಿಮ್ಮಿಯ ಮೇಲೆ ಕೂತು, ಕೈಯಲ್ಲಿ ಎರಡು ಹಲಗೆ ತುಂಡು ಹಿಡಿದು ಆರಾಮಾಗಿ ಬಂದು, ನನ್ನ ದೋಣಿಗೆ ಹಗ್ಗ ಕಟ್ಟಿ ಎಳೆದರು. ಪಂಖ ನೋಡಿ ಹೇಳಿದ್ದು ಇಷ್ಟೇ: "ಕೆಳಗ ಏನೂ ಇರಬಾರ್ದು ತಮ್ಮಾ. ಈ ಕೆರ್ಯಾಗ ಕೆಳಗ ಇದ್ದದ್ದೆಲ್ಲಾ ಹಿಡಿತದ."

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಈ ಮಾತು ತಲೆಯಿಂದ ಹೋಗಲಿಲ್ಲ. ಕಾಲಿಂದ ನಡೆಯೋ ದೋಣಿಗಳ ಕಥೆ ಓದ್ತಾ ಹೋದೆ. ನೋಡಿದ್ರೆ ಅಜ್ಜನ ಮಾತಿಗೆ ಒಂಬೈನೂರು ವರ್ಷದ ಹಿಂದಿನ ಸಾಕ್ಷಿ ಇದೆ, ಅದೂ ಚೀನಾದಲ್ಲಿ.

1130ರ ದಶಕದಲ್ಲಿ ಅಲ್ಲಿನ ದೋಂಗ್‌ಟಿಂಗ್ ಸರೋವರದಲ್ಲಿ ಯಾಂಗ್ ಯಾವೋ ಅನ್ನೋನು ಸೋಂಗ್ ದೊರೆಗಳ ವಿರುದ್ಧ ಬಂಡೆದ್ದಿದ್ದ. ಅವನ ಬಲ ಅಂದ್ರೆ ಚಕ್ರದ ಹಡಗುಗಳು. ಒಳಗೆ ಸಾಲಾಗಿ ನಿಂತ ಆಳುಗಳು ಕಾಲಿಂದ ತುಳೀತಿದ್ರೆ ಪಕ್ಕದ ಚಕ್ರಗಳು ನೀರು ಬಗೆದು ಹಡಗು ಓಡ್ತಿತ್ತು. ದೊಡ್ಡ ಹಡಗಿಗೆ 20ಕ್ಕೂ ಹೆಚ್ಚು ಚಕ್ರ! ಅಂದ ಹಾಗೆ, ಇವನ್ನು ಕಟ್ಟಿದ ಗಾವೋ ಶುವಾನ್ ಮೊದಲು ಸರ್ಕಾರದ ಕಡೆಯ ಎಂಜಿನಿಯರು. ಬಂಡಾಯಗಾರರು ಹಿಡಿದುಕೊಂಡು ಹೋದ ಮೇಲೆ ಅವರಿಗೂ ಕಟ್ಟಿಕೊಟ್ಟ. ಕ್ಲೈಂಟ್ ಬದಲಾದ, ಕೆಲಸ ಅದೇ. ನಮ್ಮ ಕುಲದವನೇ ಬಿಡಿ :-)

1135ರಲ್ಲಿ ಸೋಂಗ್ ಸೇನಾಪತಿ ಯುವೆ ಫೇ ಬಂದ. ಇನ್ನೂ ದೊಡ್ಡ ಹಡಗು ಕಟ್ಟಲಿಲ್ಲ. ಕೊಳೆತ ಮರದ ದಿಮ್ಮಿ, ಕಸ, ಹುಲ್ಲು ಎಲ್ಲ ನೀರಿಗೆ ತೇಲಿಬಿಟ್ಟ. ಚಕ್ರಗಳಿಗೆ ಸಿಕ್ಕಿಕೊಂಡಿತು, ಹಡಗು ನಿಂತವು, ಯಾಂಗ್ ಯಾವೋ ಸತ್ತ. ನನ್ನ ಗತಿ ಅಷ್ಟು ಕೆಡಲಿಲ್ಲ ಅನ್ನೋದೇ ಸಮಾಧಾನ.

ಅದೇ 1135ರಲ್ಲಿ ನಮ್ಮ ಬಸವಕಲ್ಯಾಣ, ಅಂದ್ರೆ ಆಗಿನ ಕಲ್ಯಾಣ, ಚಾಲುಕ್ಯರ ರಾಜಧಾನಿ. ಗದ್ದುಗೆಯ ಮೇಲೆ ಮೂರನೇ ಸೋಮೇಶ್ವರ. ಅವನ ಮಾನಸೋಲ್ಲಾಸದಲ್ಲಿ ಗಾಳ ಹಾಕಿ ಮೀನು ಹಿಡಿಯೋ ವಿನೋದದ ಬಗ್ಗೆಯೇ ವಿವರವಾದ ಭಾಗ ಇದೆ. ಸ್ವಲ್ಪ ವರ್ಷ ಕಳೆದರೆ ಬಸವಣ್ಣನವರ ಕಾಲ, ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯ. ತುಂಗಭದ್ರೆಯ ದಡದ ಚೌಡದಾನಪುರ ಇವರ ಹೆಸರಿನ ಊರು. ದೋಣಿ ದಾಟಿಸೋದೇ ಕಾಯಕ, ವಚನದ ಅಂಕಿತವೂ ಅದೇ ಹೆಸರು. ಶಾಲೆಯಲ್ಲಿ ಅವರ ವಚನ ಬಾಯಿಪಾಠ ಮಾಡಿದ್ದೇನೆ, ಮಾರ್ಕ್ಸೂ ತಗೊಂಡಿದ್ದೇನೆ. ಆದ್ರೆ ಅಂಬಿಗ ಅನ್ನೋನಿಗೆ ನೀರಿನ ಬಗ್ಗೆ ನನಗೆ ಗೊತ್ತಿಲ್ಲದ ವಿದ್ಯೆ ಇರುತ್ತೆ ಅಂತ ಒಂದು ದಿನಾನೂ ಅನ್ನಿಸಿರಲಿಲ್ಲ.

ಹರಿಗೋಲಿನ ವಿಷಯದಲ್ಲೂ ಅಷ್ಟೇ. ಕಾಲೇಜಿನಿಂದ ಹಂಪಿ ಟ್ರಿಪ್ ಹೋದಾಗ ಅದರಲ್ಲಿ ಕೂತು ಗಿರಗಿರ ತಿರುಗಿ "ಇದೆಂಥಾ ಡಿಸೈನ್ ಮಾರಾಯಾ" ಅಂತ ನಕ್ಕಿದ್ದೆ. 1520ರ ಆಸುಪಾಸು ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಅದನ್ನೇ ಗಮನಿಸಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ನೇರ ಹೋಗದೆ ಸುತ್ತುತ್ತಲೇ ಇರುತ್ತೆ. ಆದ್ರೆ 15-20 ಜನ ಹಿಡಿಸುತ್ತೆ, ಬೇಕಾದ್ರೆ ಕುದುರೆ ಎತ್ತುಗಳನ್ನೂ ದಾಟಿಸುತ್ತೆ ಅಂತಾನೂ ಬರೆದಿದ್ದಾನೆ. ಈ ನಾಡಿನ ಹೊಳೆಗಳಲ್ಲಿ ಬೇರೆ ಥರದ ದೋಣಿಯೇ ಇಲ್ಲ ಅಂತಾನೆ. ಮನೆ ಬಾಗಿಲಿನ ವಸ್ತು ತಿಳಿಯೋಕೆ ನಾನು ಪೋರ್ಚುಗೀಸನ ಹತ್ತಿರ ಹೋಗಬೇಕಾಯ್ತು ನೋಡಿ!

ಈಗ ಯೋಚಿಸಿದ್ರೆ ಗೊತ್ತಾಗುತ್ತೆ. ದಖ್ಖನ್ನಿನ ಹೊಳೆ ಅಂದ್ರೆ ಬಂಡೆ, ಆಳ ಇಲ್ಲದ ನೀರು, ಬೇಸಿಗೆಯಲ್ಲಿ ಬರೀ ಮರಳು. ಹರಿಗೋಲಿನ ತಳ ಚಪ್ಪಟೆ, ಕೆಳಗೆ ಚಾಚಿದ್ದು ಏನೂ ಇಲ್ಲ. ಬಂಡೆಗೆ ತಾಗಿದ್ರೆ ಬಳುಕುತ್ತೆ, ಜೊಂಡಿನ ಮೇಲೆ ಜಾರುತ್ತೆ, ನೀರು ಮುಗಿದ ಕಡೆ ತಲೆ ಮೇಲೆ ಹೊತ್ತು ನಡೀಬಹುದು. ಅಜ್ಜನ ಥರ್ಮಾಕೋಲ್ ದಿಮ್ಮಿ ಅದರ ಮೊಮ್ಮಗ.

ಹಾಗಂತ ಪೆಡಲ್ ದೋಣಿ ಸುಳ್ಳಲ್ಲ. 1975ರ ಪ್ರವಾಹದಲ್ಲಿ ಬಿಹಾರದ ಮೊಹಮ್ಮದ್ ಸೈದುಲ್ಲಾ ಸೈಕಲ್ಲಿಗೇ ಗಾಳಿ ತುಂಬಿದ ಡಬ್ಬಗಳನ್ನೂ ಹಿಂದಿನ ಚಕ್ರಕ್ಕೆ ರೆಕ್ಕೆಗಳನ್ನೂ ಕಟ್ಟಿ ನೀರಿನ ಮೇಲೆ ಓಡಿಸಿದರು. 2005ರಲ್ಲಿ ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ಪ್ರಶಸ್ತಿ ಕೊಟ್ಟಿತು. 1991ರಲ್ಲಿ ಎಂಐಟಿಯ ಮಾರ್ಕ್ ಡ್ರೆಲಾ ತಮ್ಮ ಡೆಕಾವಿಟೇಟರ್ ತುಳಿದು 18.5 ನಾಟ್, ಅಂದ್ರೆ ಗಂಟೆಗೆ ಸುಮಾರು 34 ಕಿ.ಮೀ. ಮುಟ್ಟಿದರು. ಇಂಗ್ಲೆಂಡಿನ ಜೇಸನ್ ಲೂಯಿಸ್ 1994ರಿಂದ 2007ರ ತನಕ ಬರೀ ಮೈಬಲದಿಂದ ಭೂಮಿ ಸುತ್ತಿದಾಗ ಸಾಗರ ದಾಟಿದ್ದು ಪೆಡಲ್ ದೋಣಿಯಲ್ಲೇ. ಅದರ ಹೆಸರು "ಮೋಕ್ಷ"! ನಮ್ಮ ಮುಂಬೈಯಿಂದ ಅರಬ್ಬೀ ಸಮುದ್ರ ದಾಟಿದ್ದೂ ಅದರಲ್ಲೇ. ಆದ್ರೆ ನಡು ಸಮುದ್ರದಲ್ಲಿ ಕೆಳಗೆ ಸಿಕ್ಕಿಕೊಳ್ಳೋಕೆ ಏನಿದೆ? ನಮ್ಮ ಕೆರೆ ಬೇರೆ.

1997ರಲ್ಲಿ ಹೋಬಿ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಪಂಖವೇ ಬೇಡ, ತಳದಲ್ಲಿ ಪೆಂಗ್ವಿನ್ ರೆಕ್ಕೆಯಂಥ ಎರಡು ಪಟ್ಟಿ, ತುಳಿದಂತೆ ಅತ್ತಿತ್ತ ಬೀಸುತ್ತವೆ. ನೀರು ಕಡಿಮೆ ಇದ್ದಲ್ಲಿ, ಜೊಂಡು ಬಂದಲ್ಲಿ ದೋಣಿಯ ಹೊಟ್ಟೆಗೆ ಒತ್ತಿ ಮಡಚಬಹುದು. ಸುತ್ತದ ವಸ್ತುವಿಗೆ ಜೊಂಡು ಸುತ್ತಿಕೊಳ್ಳೋದು ಹೇಗೆ?

ಇದನ್ನ ಓದಿದ ರಾತ್ರೀನೇ ಕಾಕಾಗೆ ಫೋನ್ ಮಾಡಿದೆ. ಹಳೇ ಟೈರಿನ ರಬ್ಬರು ಎತ್ತಿಡೋಕೆ ಹೇಳಿದೆ. "ಎತ್ತಿಡ್ತೀನಿ" ಅಂದ್ರು, "ಆದ್ರ ಈ ಸಲ ನೀರಿಗಿ ಇಳಿಸೂಕಿಂತ ಮೊದ್ಲ ಆ ಅಜ್ಜಗ ತೋರಿಸಮು. ಮತ್ತ ನೀ ಮೊದ್ಲ ಈಜು ಕಲಿ."

ಸೋಮವಾರದಿಂದ ಈಜಿನ ಕ್ಲಾಸಿಗೆ ಸೇರಿದ್ದೇನೆ.