ಹಾಸನ ಜಿಲ್ಲೆಯ ಪಟ್ಟಣಗಳ ಯೋಜನೆ ಮತ್ತು ಸ್ಥಳೀಯ ಆರ್ಥಿಕತೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಇವು ಕರ್ನಾಟಕದ ಹಾಸನ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳು. ಹಾಸನವು ಜಿಲ್ಲಾಕೇಂದ್ರವೂ ಹೌದು; ಉಳಿದ ಮೂರು ಪಟ್ಟಣಗಳು ಅಲ್ಲಿಂದ ಸುಮಾರು 30ರಿಂದ 40 ಕಿಲೋಮೀಟರ್ ದೂರದಲ್ಲಿವೆ. ಕಳೆದ ಐದು ದಶಕಗಳಲ್ಲಿ ಸರ್ಕಾರದ ಹೂಡಿಕೆ, ಕೈಗಾರಿಕಾ ನಿವೇಶನಗಳು ಮತ್ತು ಉನ್ನತ ಶಿಕ್ಷಣ ಸಂಸ್ಥೆಗಳು ಬಹುಪಾಲು ಹಾಸನ ನಗರದ ಸುತ್ತ ನೆಲೆಗೊಂಡಿವೆ. ಮೂರು ಪಟ್ಟಣಗಳ ಜೀವನಾಧಾರ ಮಾತ್ರ ಇಂದಿಗೂ ಸುತ್ತಲಿನ ಹೊಲ, ಗದ್ದೆ, ತೋಟಗಳ ಬೆಳೆಯೇ ಆಗಿದೆ.

ಕಾನೂನು ಮತ್ತು ಸಂಸ್ಥೆಗಳು

ಪಟ್ಟಣಗಳ ಬೆಳವಣಿಗೆಗೆ ಆಧಾರವಾಗಿರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನು ಸಿದ್ಧಪಡಿಸಿ ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನಗಳಿಗೆ ಭೂಮಿಯನ್ನು ಗುರುತಿಸಬೇಕು. ಹತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಹಾಸನ ನಗರಾಭಿವೃದ್ಧಿ ಪ್ರಾಧಿಕಾರವು (ಹುಡಾ) 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಗೆ ಒಳಪಟ್ಟಿದ್ದು, ಬಡಾವಣೆಗಳನ್ನು ರಚಿಸಿ ನಿವೇಶನ ಹಂಚುತ್ತದೆ. ಚನ್ನರಾಯಪಟ್ಟಣ ಮತ್ತು ಹೊಳೆನರಸೀಪುರಗಳಲ್ಲಿ ಪುರಸಭೆಗಳೂ ಅರಕಲಗೂಡಿನಲ್ಲಿ ಪಟ್ಟಣ ಪಂಚಾಯಿತಿಯೂ ಇವೆ. ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆಗಳ ಬಾಡಿಗೆಗಳೇ ಇವುಗಳ ಸ್ವಂತ ಆದಾಯ. ಇಷ್ಟರಿಂದ ಸಂಬಳ, ಬೀದಿದೀಪ, ನೈರ್ಮಲ್ಯಗಳ ಆಚೆಗೆ ಹೋಗುವುದು ಕಷ್ಟ. ದೊಡ್ಡ ಕಾಮಗಾರಿಗಳಿಗೆ ರಾಜ್ಯ ಹಣಕಾಸು ಆಯೋಗದ ಅನುದಾನವನ್ನೋ ವಿಶೇಷ ಯೋಜನೆಗಳನ್ನೋ ನೆಚ್ಚಬೇಕಾಗುತ್ತದೆ.

ಬಹುಕಾಲ ನಗರಸಭೆಯಾಗಿದ್ದ ಹಾಸನಕ್ಕೆ ಸುತ್ತಲಿನ ಗ್ರಾಮಗಳನ್ನು ಸೇರಿಸಿ ಮಹಾನಗರ ಪಾಲಿಕೆಯನ್ನಾಗಿಸುವ ತೀರ್ಮಾನವನ್ನು ಸರ್ಕಾರ ಕೈಗೊಂಡಿದೆ. ಇದನ್ನು ಕೇವಲ ಗೌರವದ ವಿಷಯವೆಂದು ತಿಳಿಯಬಾರದು. ಗ್ರಾಮವು ನಗರಕ್ಕೆ ಸೇರಿದರೆ ತೆರಿಗೆ ಏರುತ್ತದೆ, ಭೂಮಿಯ ಬೆಲೆಯೂ ಏರುತ್ತದೆ; ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಕೆಲಸ ಮಾತ್ರ ತಪ್ಪಿಹೋಗುತ್ತದೆ. ಜಮೀನುಳ್ಳವರಿಗೆ ಲಾಭವಾಗುವ ಈ ಬದಲಾವಣೆ ಜಮೀನಿಲ್ಲದವರಿಗೆ ನಷ್ಟವಾಗಬಹುದು.

ಹಾಸನ ನಗರ

1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಜಲಾಶಯವು ಜಿಲ್ಲೆಯ ಭೂಪಟವನ್ನೇ ಬದಲಿಸಿತು. ಅನೇಕ ಹಳ್ಳಿಗಳು ಮುಳುಗಡೆಯಾದವು. ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಇಗರ್ಜಿ ಇಂದು ಪ್ರವಾಸಿ ತಾಣ. ಅಲ್ಲಿ ಛಾಯಾಚಿತ್ರ ತೆಗೆಸಿಕೊಳ್ಳುವವರಲ್ಲಿ ಅದು ಊರೊಂದರ ಉಳಿಕೆಯೆಂದು ನೆನೆಯುವವರು ಕಡಿಮೆ. ಹಾಸನ ನಗರದ ಕುಡಿಯುವ ನೀರಿಗೆ ಹೇಮಾವತಿಯೇ ಆಸರೆ. 2015ರಲ್ಲಿ ಆರಂಭವಾದ ಕೇಂದ್ರದ ಅಮೃತ್ ಯೋಜನೆಗೂ ಹಾಸನ ಆಯ್ಕೆಯಾಯಿತು.

1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 1982ರಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದವು. ಕೇಂದ್ರವು 1988ರಲ್ಲಿ ಪ್ರಕಟಿಸಿದ ಬೆಳವಣಿಗೆ ಕೇಂದ್ರಗಳ ಯೋಜನೆಯಲ್ಲಿ ರಾಜ್ಯದಿಂದ ಧಾರವಾಡ, ರಾಯಚೂರುಗಳೊಡನೆ ಹಾಸನವೂ ಸ್ಥಾನ ಪಡೆಯಿತು. ಇಲ್ಲಿನ ಕೈಗಾರಿಕಾ ಪ್ರದೇಶದ ವಿಶೇಷ ಆರ್ಥಿಕ ವಲಯದಲ್ಲಿ ಹಾಸಿಗೆ ಹೊದಿಕೆಗಳನ್ನು ತಯಾರಿಸುವ ಹಿಮ್ಮತ್‌ಸಿಂಗ್‌ಕಾ ಕಾರ್ಖಾನೆ ಇದೆ. ಆದರೂ ಜಿಲ್ಲೆಯ ರೈತ ಕುಟುಂಬಗಳಿಗೆ ನಿಯತವಾಗಿ ಹಣ ತರುವುದರಲ್ಲಿ ಕಾರ್ಖಾನೆಗಳಿಗಿಂತ ಹಾಸನ ಹಾಲು ಒಕ್ಕೂಟದ ಪಾತ್ರ ಹೆಚ್ಚು ವ್ಯಾಪಕವಾದುದು. ಒಕ್ಕೂಟದ ವ್ಯಾಪ್ತಿ ಚಿಕ್ಕಮಗಳೂರು ಮತ್ತು ಕೊಡಗಿಗೂ ಚಾಚಿದೆ.

ಆಲೂಗೆಡ್ಡೆ ವ್ಯಾಪಾರದ ಕಥೆ ಬೇರೆ. ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆ ಬೇಸಗೆಯ ಕೊನೆಯಲ್ಲಿ ಹಾಸನದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ. ಮುಂಗಾರಿನ ಮೊದಲ ಮಳೆಗೆ ನಾಟಿಯಾಗುತ್ತದೆ. ಹಮಾಲರು, ಗಾಡಿಯವರು, ಗೋಣಿಚೀಲದ ವ್ಯಾಪಾರಿಗಳು, ಔಷಧ ಅಂಗಡಿಯವರು ಈ ಬೆಳೆಯನ್ನು ನಂಬಿ ಬದುಕಿದವರು. ಅಂಗಮಾರಿ ರೋಗದಿಂದ ಕಂಗೆಟ್ಟ ರೈತರು ಜೋಳ, ಶುಂಠಿಗಳ ಕಡೆ ಹೊರಳಿದಾಗ ಪೇಟೆಯೂ ಬಡವಾಯಿತು. ಬೆಳೆಯ ರೋಗಕ್ಕೆ ಮಹಾಯೋಜನೆಯ ನಕ್ಷೆಯಲ್ಲಿ ಬಣ್ಣವಿಲ್ಲ.

ಮೂರು ಪಟ್ಟಣಗಳು

ಹೊಳೆನರಸೀಪುರವು ಹೇಮಾವತಿಯ ದಡದಲ್ಲಿ, ಮೈಸೂರು–ಅರಸೀಕೆರೆ ರೈಲು ಮಾರ್ಗದಲ್ಲಿದೆ. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದಿದ್ದ ಎಚ್.ಡಿ. ದೇವೇಗೌಡರು 1962ರಲ್ಲಿ ಇಲ್ಲಿಂದಲೇ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದರು, 1996ರಲ್ಲಿ ಪ್ರಧಾನಿಯಾದರು. ರಸ್ತೆ, ನಾಲೆ, ಕಾಲೇಜುಗಳ ದೃಷ್ಟಿಯಿಂದ ಈ ಪಟ್ಟಣವನ್ನು ಹಿಂದುಳಿದದ್ದೆನ್ನಲಾಗದು. ಓದಿದವರಿಗೆ ಊರಿನಲ್ಲೇ ಉದ್ಯೋಗ ಒದಗಿಸುವ ಕೈಗಾರಿಕೆ ಮಾತ್ರ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಚನ್ನರಾಯಪಟ್ಟಣವು ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ತೆಂಗು ಇಲ್ಲಿನ ಮುಖ್ಯ ವಾಣಿಜ್ಯ ಬೆಳೆ. ಶ್ರವಣಬೆಳಗೊಳ ಇದೇ ತಾಲ್ಲೂಕಿಗೆ ಸೇರಿದೆ. ಬೆಂಗಳೂರಿಗೆ ನೇರ ರೈಲು ಸಂಪರ್ಕ 2017ರಲ್ಲಿ, ಅಂದರೆ ಮಹಾಮಸ್ತಕಾಭಿಷೇಕದ ಹಿಂದಿನ ವರ್ಷ ದೊರೆಯಿತು. ಬೈಪಾಸ್ ರಸ್ತೆಯಾದ ಮೇಲೆ ಊರೊಳಗಿನ ವಾಹನ ದಟ್ಟಣೆ ತಗ್ಗಿತು. ದೂರದ ಪ್ರಯಾಣಿಕರನ್ನು ನೆಚ್ಚಿದ್ದ ವ್ಯಾಪಾರವೂ ಹೊರವಲಯಕ್ಕೆ ಸರಿಯಿತು.

ಅರಕಲಗೂಡು ನಾಲ್ಕರಲ್ಲಿ ಚಿಕ್ಕದು, ಪಟ್ಟಣಕ್ಕೆ ರೈಲಿಲ್ಲ. ತಾಲ್ಲೂಕಿನ ರೈತರು ಬೆಳೆಯುವ ಹೊಗೆಸೊಪ್ಪು ಕಾವೇರಿ ತೀರದ ರಾಮನಾಥಪುರದಲ್ಲಿರುವ ತಂಬಾಕು ಮಂಡಳಿಯ ಹರಾಜು ಕೇಂದ್ರದಲ್ಲಿ ಮಾರಾಟವಾಗುತ್ತದೆ. ಹರಾಜಿನ ದರ ಕುಸಿದ ವರ್ಷ ಪೇಟೆಯ ಬಟ್ಟೆ ಅಂಗಡಿಗೂ ಅದರ ಬಿಸಿ ತಟ್ಟುತ್ತದೆ.

ಅನಧಿಕೃತ ಬಡಾವಣೆಗಳು

ಪಟ್ಟಣಗಳ ಅಂಚಿನಲ್ಲಿ ಭೂಪರಿವರ್ತನೆಯಾಗಲಿ ವಿನ್ಯಾಸಕ್ಕೆ ಅನುಮೋದನೆಯಾಗಲಿ ಇಲ್ಲದೆ ಮಾರಲಾಗುವ ‘ಕಂದಾಯ ನಿವೇಶನ’ಗಳು ರಾಜ್ಯವ್ಯಾಪಿ ಸಮಸ್ಯೆ. ಅಗ್ಗವೆಂದು ಕೊಂಡವರಿಗೆ ಚರಂಡಿ ಇರುವುದಿಲ್ಲ, ಬ್ಯಾಂಕ್ ಸಾಲ ಸಿಗುವುದು ಕಷ್ಟ. ಇಂಥ ಆಸ್ತಿಗಳನ್ನು ದಂಡ ಪಡೆದು ಸಕ್ರಮಗೊಳಿಸುವ ‘ಅಕ್ರಮ–ಸಕ್ರಮ’ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ನಿವೇಶನ ಕೊಳ್ಳುವ ಮೊದಲು ಭೂಪರಿವರ್ತನೆಯ ಆದೇಶ, ಅನುಮೋದಿತ ವಿನ್ಯಾಸ ನಕ್ಷೆ ಮತ್ತು ಖಾತೆ ಈ ಮೂರನ್ನೂ ಪರಿಶೀಲಿಸುವುದು ಅಗತ್ಯ.