ಕ್ರೈಸ್ಟ್‌ಚರ್ಚ್ ಕ್ಯಾಥೆಡ್ರಲ್

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿರುವ ಕ್ರೈಸ್ಟ್‌ಚರ್ಚ್ ನಗರದ ನಡುಚೌಕದಲ್ಲಿರುವ ಆಂಗ್ಲಿಕನ್ ಪ್ರಧಾನ ದೇವಾಲಯ. ವಾಸ್ತುಶಿಲ್ಪಿ ಇಂಗ್ಲೆಂಡಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಶೈಲಿ ಗಾಥಿಕ್ ಪುನರುಜ್ಜೀವನದ್ದು. 1864ರ ಡಿಸೆಂಬರ್ 16ರಂದು ಅಡಿಗಲ್ಲು ಬಿದ್ದರೂ ಹಣವಿಲ್ಲದೆ ಮರುವರ್ಷವೇ ಕೆಲಸ ನಿಂತಿತು. 1873ರಲ್ಲಿ ಮತ್ತೆ ಆರಂಭವಾದಾಗ ಸ್ಥಳೀಯ ವಾಸ್ತುಶಿಲ್ಪಿ ಬೆಂಜಮಿನ್ ಮೌಂಟ್‌ಫೋರ್ಟ್ ಉಸ್ತುವಾರಿ ವಹಿಸಿಕೊಂಡರು. 1881ರಲ್ಲಿ ಪ್ರತಿಷ್ಠೆಯಾಯಿತು, ಕಟ್ಟಡ ಪೂರ್ಣಗೊಂಡದ್ದು 1904ರಲ್ಲಿ.

ಭೂಕಂಪದ ನಾಡೆಂದು ತಿಳಿದಿದ್ದ ಸ್ಕಾಟ್ ಮೊದಲು ಮರವನ್ನೇ ಹೆಚ್ಚಾಗಿ ಬಳಸಲು ಯೋಚಿಸಿದ್ದರು. ಹತ್ತಿರದಲ್ಲೇ ಒಳ್ಳೆಯ ಕಲ್ಲು ಸಿಕ್ಕಿದ್ದರಿಂದ ಗೋಡೆ, ಗೋಪುರಗಳನ್ನು ಕಲ್ಲಿನಲ್ಲೇ ಕಟ್ಟಲಾಯಿತು. ಇದರ ಬೆಲೆಯನ್ನು ತೆತ್ತದ್ದು ಶಿಖರ. ಪ್ರತಿಷ್ಠೆಯಾದ ತಿಂಗಳೊಳಗೇ ಅದರ ತುದಿಯಿಂದ ಕಲ್ಲು ಉದುರಿತು. 1888ರ ಕಂಪನದಲ್ಲಿ ಸುಮಾರು 8 ಮೀಟರ್ ಭಾಗ ಕುಸಿಯಿತು. ಮತ್ತೆ ಕಲ್ಲಿನಲ್ಲೇ ಕಟ್ಟಿದರು. 1901ರಲ್ಲಿ ಪುನಃ ಹಾನಿಯಾದ ಮೇಲಷ್ಟೇ ಮರದ ಚೌಕಟ್ಟಿಗೆ ತಾಮ್ರದ ತಗಡು ಹೊದಿಸಿ ತುದಿಯನ್ನು ಹಗುರಗೊಳಿಸಿದರು.

2011ರ ಫೆಬ್ರವರಿ 22ರ ಭೂಕಂಪದಲ್ಲಿ ಶಿಖರವೂ ಗೋಪುರದ ಮೇಲ್ಭಾಗವೂ ನೆಲಕ್ಕುರುಳಿದವು. ಹಲವರು ಅವಶೇಷಗಳಡಿ ಸಿಲುಕಿದ್ದಾರೆಂಬ ಆತಂಕವಿತ್ತು, ಆದರೆ ಶೋಧಿಸಿದಾಗ ಒಂದೂ ಶವ ಸಿಗಲಿಲ್ಲ. ಜೂನ್ 13ರ ಕಂಪನ ಪಶ್ಚಿಮ ಗೋಡೆಯ ಚಕ್ರಾಕಾರದ ಗಾಜಿನ ಕಿಟಕಿಯನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಟ್ಟಡವನ್ನು ವಿಧಿವತ್ತಾಗಿ ಪೂಜಾಬಳಕೆಯಿಂದ ಮುಕ್ತಗೊಳಿಸಲಾಯಿತು. ಪ್ರಾರ್ಥನೆಗಾಗಿ ಜಪಾನಿನ ಶಿಗೆರು ಬಾನ್ ವಿನ್ಯಾಸಗೊಳಿಸಿದ, ರಟ್ಟಿನ ಕೊಳವೆಗಳನ್ನು ಬಳಸಿದ ತಾತ್ಕಾಲಿಕ ಕ್ಯಾಥೆಡ್ರಲ್ 2013ರಲ್ಲಿ ತೆರೆಯಿತು.

ಹಳೆಯ ಕಟ್ಟಡವನ್ನು ಕೆಡವುವುದಾಗಿ ಚರ್ಚ್ 2012ರಲ್ಲಿ ಘೋಷಿಸಿದಾಗ ಪರಂಪರೆಯ ಪರ ನಿಂತ ನಾಗರಿಕರು ನ್ಯಾಯಾಲಯದ ಮೊರೆಹೋದರು. ಹಳೆಯ ಕಟ್ಟಡದ ವಿಮೆಯ ಹಣವನ್ನು ಬೇರೆಡೆ ಬಳಸಬಹುದೇ ಎಂಬುದೂ ವಿವಾದದ ಭಾಗವಾಗಿತ್ತು. ಎರಡೂ ಪಕ್ಷಗಳ ಮಾತಿನಲ್ಲಿ ಹುರುಳಿತ್ತು: ಚರ್ಚ್‌ಗೆ ಸುರಕ್ಷಿತವಾದ, ಕೈಗೆಟಕುವ ಪ್ರಾರ್ಥನಾಲಯ ಬೇಕಿತ್ತು, ಅರ್ಧ ಊರನ್ನೇ ಕಳೆದುಕೊಂಡ ಜನರಿಗೆ ತಮ್ಮ ಊರಿನ ಗುರುತು ಬೇಕಿತ್ತು. ಆದರೆ ವಾದದಲ್ಲೇ ವರ್ಷಗಳು ಸರಿದವು; ಹಾನಿಗೊಂಡ ಕಟ್ಟಡದೊಳಗೆ ಪಾರಿವಾಳಗಳು ಗೂಡು ಕಟ್ಟಿದವು.

2017ರ ಸೆಪ್ಟೆಂಬರ್‌ನಲ್ಲಿ ಚರ್ಚ್‌ನ ಆಡಳಿತ ಸಭೆಯಾದ ಸಿನೊಡ್ ಸರ್ಕಾರದ ನೆರವಿನ ಭರವಸೆಯ ಮೇಲೆ ಪುನಃಸ್ಥಾಪನೆಗೆ ಮತ ಹಾಕಿತು. ಆಗಿನ ಅಂದಾಜು 10.4 ಕೋಟಿ ನ್ಯೂಜಿಲೆಂಡ್ ಡಾಲರ್. ಉಕ್ಕಿನ ಆಸರೆ ಕೊಟ್ಟು ಗೋಡೆಗಳನ್ನು ಭದ್ರಪಡಿಸುವ ಕೆಲಸ 2023ರಲ್ಲಿ ಮುಗಿಯಿತು. ಮುಂದಿನದೇ ಕಠಿಣ ಹಂತ: ನಿಂತಿರುವ ಗೋಡೆಗಳ ಕೆಳಗೆ ಹೊಸ ಬುನಾದಿ ಹಾಕಿ, ನೆಲದ ಅಲುಗಾಟ ಮೇಲಕ್ಕೆ ಮುಟ್ಟದಂತೆ ತಡೆಯುವ ಸಾಧನಗಳನ್ನು ಅಳವಡಿಸುವುದು. ಇದರಿಂದ ಅಂದಾಜು 24.8 ಕೋಟಿಗೇರಿತು. ಯೋಜನೆಯನ್ನು ಮೊಟಕುಗೊಳಿಸಿದರೂ 8.5 ಕೋಟಿ ಡಾಲರ್ ಕೊರತೆ ಉಳಿದು, 2024ರ ಆಗಸ್ಟ್‌ನಲ್ಲಿ ಕೆಲಸವನ್ನು ಸ್ಥಗಿತಗೊಳಿಸುವುದಾಗಿ ಪ್ರಕಟಿಸಲಾಯಿತು.